ಹಾಲಿನೊಳಗಿನ ಸಣ್ಣ ಚೀಟಿಗಳು

(ನಿಟ್ಟೂರಿನಲ್ಲಿ ಸ್ವಸಹಾಯ ಸಂಘಗಳ ಸದಸ್ಯೆಯರು ಮತ್ತು ಹೈನುಗಾರರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಹಾಲಿನ ವಿಷಯ ಮಾತನಾಡಬೇಕು ಅಂತ ಕೇಳಿದಾಗ ನನಗೆ ಸ್ವಲ್ಪ ಹಿಂಜರಿಕೆಯಾಯಿತು. ಒಂದು ಕಾಲಕ್ಕೆ ಈ ಭಾಗದಲ್ಲಿ ಕೊಟ್ಟಿಗೆ ಇಲ್ಲದ ಮನೆಯೇ ಇರಲಿಲ್ಲ. ಈಗ ಕಡಿಮೆಯಾಗುತ್ತಾ ಬಂದಿದೆ, ಆದರೂ ಕರೆಯುವುದು, ಕಾಯಿಸುವುದು, ಹೆಪ್ಪು ಹಾಕುವುದು, ಕಡೆಯುವುದು ಇದನ್ನೆಲ್ಲ ನಿಮಗೆ ಕಲಿಸಲು ಯಾರೂ ಬರಬೇಕಾಗಿಲ್ಲ. ನಾನು ಜೀವಶಾಸ್ತ್ರ ಪಾಠ ಮಾಡಿದವನು. ಹಾಲಿನೊಳಗೆ ಕಣ್ಣಿಗೆ ಕಾಣದ ಒಂದು ವಸ್ತುವನ್ನು ವಿಜ್ಞಾನಿಗಳು ಗುರುತಿಸಿ ಇನ್ನೂ ಸುಮಾರು ಇಪ್ಪತ್ತು ವರ್ಷ ಆಗಿದೆ ಅಷ್ಟೆ. ಅದರ ಹೆಸರು ಹೇಳಿಕೊಂಡು ಡಬ್ಬಿ ಮಾರುವವರೂ ಹುಟ್ಟಿಕೊಂಡಿದ್ದಾರೆ. ಆದ್ದರಿಂದ ಅದೇನು, ಅದರಿಂದ ನಿಮ್ಮ ಮನೆಯ ಬಾಣಂತಿಗೆ, ಮಗುವಿಗೆ ಏನಾಗಬೇಕು ಎಂಬುದನ್ನು ತಿಳಿದುಕೊಳ್ಳುವುದು ಒಳ್ಳೆಯದು.

ಮೊದಲು ಗಿಣ್ಣಿನಿಂದ ಶುರು ಮಾಡೋಣ. ದನ ಕರು ಹಾಕಿದ ದಿನ ನೀವು ಏನು ಮಾಡುತ್ತೀರಿ? ಮಾಸು ಬಿತ್ತೋ ಇಲ್ಲವೋ ನೋಡುತ್ತೀರಿ. ಕರು ಎದ್ದು ನಿಂತು ಮೊಲೆ ಹಿಡಿಯಿತೋ ಇಲ್ಲವೋ ನೋಡುತ್ತೀರಿ. ಹಿಡಿಯದಿದ್ದರೆ ಬೆರಳಿಗೆ ಹಾಲು ಹಚ್ಚಿ ಚೀಪಿಸಿಯಾದರೂ ಕುಡಿಸುತ್ತೀರಿ. ಕರು ಕುಡಿದು ಮಿಕ್ಕ ಹಾಲಿಗೆ ಬೆಲ್ಲ, ಏಲಕ್ಕಿ ಹಾಕಿ ಹಬೆಯಲ್ಲಿ ಬೇಯಿಸಿ ಗಿಣ್ಣು ಮಾಡಿ ಪಕ್ಕದ ಮನೆಗೂ ಕೊಟ್ಟು ಕಳಿಸುತ್ತೀರಿ. ಕರುವಿಗೆ ಮೊದಲ ಹಾಲು ತಪ್ಪಬಾರದು ಎಂಬುದು ಓದು ಬರಹ ಇಲ್ಲದ ಅಜ್ಜಿಗೂ ಗೊತ್ತು. ಅದಕ್ಕೆ ಗಟ್ಟಿ ಕಾರಣವೂ ಇದೆ. ಗಬ್ಬದ ದನದ ರಕ್ತದಿಂದ ಹೊಟ್ಟೆಯೊಳಗಿನ ಕರುವಿಗೆ ರೋಗ ತಡೆಯುವ ವಸ್ತುಗಳು ದಾಟುವುದಿಲ್ಲ. ಎಲ್ಲವೂ ಗಿಣ್ಣದ ಹಾಲಿನಲ್ಲೇ ಬರಬೇಕು. ಅದೂ ಮೊದಲ ಕೆಲವು ಗಂಟೆಗಳಲ್ಲಿ. ಒಂದು ದಿನ ಕಳೆದರೆ ಕರುವಿನ ಕರುಳು ಅದನ್ನು ಒಳಗೆ ಬಿಟ್ಟುಕೊಳ್ಳುವುದನ್ನೇ ನಿಲ್ಲಿಸುತ್ತದೆ.

ಇಷ್ಟು ತಿಳಿದವರ ಮನೆಯಲ್ಲೇ ಸೊಸೆ ಹೆತ್ತಾಗ ಏನಾಗುತ್ತದೆ? ಇವತ್ತಿಗೂ ಕೆಲವು ಮನೆಗಳಲ್ಲಿ ಮೊದಲು ಬರುವ ಹಳದಿ ಹಾಲನ್ನು "ಕೆಟ್ಟ ಹಾಲು, ಜೀರ್ಣ ಆಗುವುದಿಲ್ಲ" ಅಂತ ಹಿಂಡಿ ಚೆಲ್ಲಿಸುತ್ತಾರೆ. ಮಗುವಿನ ನಾಲಿಗೆಗೆ ಜೇನು, ಸಕ್ಕರೆ ನೀರು ಮುಟ್ಟಿಸುತ್ತಾರೆ. ಕರುವಿಗೆ ಗಿಣ್ಣು ಅಮೃತ, ಮನುಷ್ಯನ ಮಗುವಿಗೆ ಮಾತ್ರ ವಿಷ! ಇದು ಯಾವ ನ್ಯಾಯ ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಮನುಷ್ಯರಲ್ಲಿ ತಾಯಿಯ ರಕ್ತದಿಂದ ಸ್ವಲ್ಪ ರಕ್ಷಣೆ ಹೊಟ್ಟೆಯೊಳಗೇ ಮಗುವಿಗೆ ಸಿಗುತ್ತದೆ, ನಿಜ. ಆದರೆ ಕರುಳಿಗೆ ಬೇಕಾದ ರಕ್ಷಣೆ ಆ ಹಳದಿ ಹಾಲಿನಲ್ಲೇ ಬರಬೇಕು.

ಒಂದು ಲೆಕ್ಕ ಕೇಳಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 100ಕ್ಕೆ 88ಕ್ಕಿಂತ ಹೆಚ್ಚು ಹೆರಿಗೆ ಆಸ್ಪತ್ರೆಗಳಲ್ಲೇ ಆಗುತ್ತಿದೆ. ಆದರೆ ಹುಟ್ಟಿದ ಒಂದು ಗಂಟೆಯೊಳಗೆ ತಾಯಿಯ ಎದೆ ಹಾಲು ಕುಡಿದ ಮಕ್ಕಳು 100ಕ್ಕೆ 42ರಷ್ಟು ಮಾತ್ರ. ಅಂದರೆ ಅಜ್ಜಿಯರನ್ನು ಮಾತ್ರ ಬೈದು ಪ್ರಯೋಜನವಿಲ್ಲ. ಡಾಕ್ಟರು, ನರ್ಸು ಎಲ್ಲ ಇರುವ ಜಾಗದಲ್ಲೂ ಆ ಒಂದು ಗಂಟೆ ಕೈ ತಪ್ಪುತ್ತಿದೆ.

ಈಗ ಆ ಹಾಲಿನ ಒಳಗೆ ಹೋಗೋಣ. ಸ್ವಲ್ಪ ಪಾಠ ಮಾಡುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ನಮ್ಮ ದೇಹದ ಬಹುತೇಕ ಎಲ್ಲಾ ಜೀವಕೋಶಗಳಲ್ಲೂ ಒಂದು ದೊಡ್ಡ ಅಡುಗೆ ಪುಸ್ತಕ ಇದೆ ಅಂದುಕೊಳ್ಳಿ. ಅದೇ ಡಿಎನ್‌ಎ. ಪುಸ್ತಕವನ್ನು ಯಾರೂ ಒಲೆಯ ಹತ್ತಿರ ಒಯ್ಯುವುದಿಲ್ಲ. ಮದುವೆ ಮನೆಯಲ್ಲಿ ಯಜಮಾನರು ಏನು ಮಾಡುತ್ತಾರೆ? ಇಂದಿಗೆ ಬೇಕಾದ ಅಡುಗೆಯನ್ನು ಒಂದು ಚೀಟಿಯಲ್ಲಿ ಬರೆದು ಅಡುಗೆಯವರಿಗೆ ಕಳಿಸುತ್ತಾರೆ. ಜೀವಕೋಶದಲ್ಲೂ ಹಾಗೆಯೇ. ಬೇಕಾದ ಪುಟದ ನಕಲು ಚೀಟಿಯಾಗಿ ಹೊರಗೆ ಬರುತ್ತದೆ. ಅದಕ್ಕೆ ಸಂದೇಶವಾಹಕ ಆರ್‌ಎನ್‌ಎ ಅಂತ ಹೆಸರು. ಆ ಚೀಟಿ ನೋಡಿ ಜೀವಕೋಶ ಪ್ರೋಟೀನು ತಯಾರಿಸುತ್ತದೆ. ಸರಿ, ಹೋಳಿಗೆ ಮಾಡಿ ಅಂತ ಚೀಟಿ ಹೋಯಿತು. ಎಷ್ಟು ಮಾಡಬೇಕು? ಸಾಕಾದ ಮೇಲೂ ಮಾಡುತ್ತಲೇ ಇದ್ದರೆ? ಯಾರಾದರೂ ಹೋಗಿ "ಇನ್ನು ಹೋಳಿಗೆ ಸಾಕು" ಅಂತ ಹೇಳಬೇಕಲ್ಲ. ಆ "ಸಾಕು" ಎಂಬ ಪುಟ್ಟ ಚೀಟಿಯೇ ಮೈಕ್ರೋ ಆರ್‌ಎನ್‌ಎ. ಸಂದೇಶದ ಚೀಟಿ ಸಾವಿರಾರು ಅಕ್ಷರ ಉದ್ದ ಇದ್ದರೆ ಇದು ಸುಮಾರು 22 ಅಕ್ಷರ ಮಾತ್ರ. ತನಗೆ ಹೊಂದುವ ಅಕ್ಷರಗಳು ಇರುವ ಸಂದೇಶದ ಚೀಟಿಗೆ ಹೋಗಿ ಅಂಟಿಕೊಳ್ಳುತ್ತದೆ. ಅಂಟಿದರೆ ಆ ಅಡುಗೆ ನಿಲ್ಲುತ್ತದೆ, ಅಥವಾ ಕಡಿಮೆಯಾಗುತ್ತದೆ. ಒಂದೇ "ಸಾಕು" ಚೀಟಿ ಹತ್ತಾರು, ನೂರಾರು ಅಡುಗೆಗಳನ್ನು ಹಿಡಿತದಲ್ಲಿ ಇಡಬಲ್ಲದು.

ಇದನ್ನು ಕಂಡುಹಿಡಿದದ್ದು ಮನುಷ್ಯರಲ್ಲೂ ಅಲ್ಲ, ದನದಲ್ಲೂ ಅಲ್ಲ, ಒಂದು ಮಿಲಿಮೀಟರ್ ಉದ್ದದ ಹುಳದಲ್ಲಿ. 1993ರಲ್ಲಿ ಅಮೆರಿಕದ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್ಕುನ್ ಅವರ ತಂಡಗಳು ಇದನ್ನು ಪ್ರಕಟಿಸಿದವು. ಏನೋ ಹುಳದ ವಿಷಯ ಅಂತ ಜನ ಬದಿಗಿಟ್ಟರು. 2000ದಲ್ಲಿ ರವ್ಕುನ್ ಅವರ ತಂಡ ಅಂಥದೇ ಇನ್ನೊಂದನ್ನು ಕಂಡಿತು. ನೋಡಿದರೆ ಅದು ಮನುಷ್ಯನಲ್ಲೂ ಇತ್ತು! ಆಮೇಲೆ ಇಡೀ ಪ್ರಪಂಚ ಇದರ ಹಿಂದೆ ಬಿತ್ತು. 2024ರಲ್ಲಿ ಇಬ್ಬರಿಗೂ ವೈದ್ಯಕೀಯದ ನೊಬೆಲ್ ಬಹುಮಾನ ಬಂತು. ಹುಳ ನೋಡುತ್ತಾ ಕೂತವರಿಗೆ ಮೂವತ್ತು ವರ್ಷದ ಮೇಲೆ ಬೆಲೆ ಬಂತು ಅನ್ನಿ.

ಇನ್ನು ಎಕ್ಸೋಸೋಮ್. ನಮ್ಮ ಕಡೆ ಪ್ಲಾಸ್ಟಿಕ್ ಚೀಲಕ್ಕೆ, ಹಾಲಿನ ಪ್ಯಾಕೆಟ್ಟಿಗೆ ಕೊಟ್ಟೆ ಅನ್ನುತ್ತೇವಲ್ಲ, ಇದೂ ಒಂದು ಕೊಟ್ಟೆಯೇ. ಜೀವಕೋಶ ತನ್ನೊಳಗಿನ ಕೆಲವು ಸಾಮಾನುಗಳನ್ನು ಜಿಡ್ಡಿನ ಪೊರೆಯಲ್ಲಿ ಕಟ್ಟಿ ಹೊರಗೆ ಬಿಡುವ ಅತಿ ಸಣ್ಣ ಕೊಟ್ಟೆ. ಎಷ್ಟು ಸಣ್ಣದು ಅಂದರೆ ಒಂದು ತಲೆಕೂದಲಿನ ಅಗಲದಲ್ಲಿ ಸಾಲಾಗಿ ಸುಮಾರು ಸಾವಿರ ನಿಲ್ಲಿಸಬಹುದು. 1980ರ ದಶಕದಲ್ಲಿ ಇದನ್ನು ಮೊದಲು ನೋಡಿದಾಗ ಜೀವಕೋಶ ಕಸ ಕಟ್ಟಿ ಹೊರಗೆ ಎಸೆಯುತ್ತಿದೆ ಅಂದುಕೊಂಡಿದ್ದರು. 2007ರಲ್ಲಿ ಸ್ವೀಡನ್ನಿನ ಸಂಶೋಧಕರು ಆ ಕೊಟ್ಟೆಗಳೊಳಗೆ ಆರ್‌ಎನ್‌ಎ ಚೀಟಿಗಳಿರುವುದನ್ನು, ಅವು ಒಂದು ಜೀವಕೋಶದಿಂದ ಇನ್ನೊಂದಕ್ಕೆ ಹೋಗುವುದನ್ನು ತೋರಿಸಿದರು. ಅದೇ ವರ್ಷ ಅದೇ ದೇಶದ ಇನ್ನೊಂದು ತಂಡ ತಾಯಿಯ ಹಾಲಿನಲ್ಲಿ, ಗಿಣ್ಣಿನಂಥ ಮೊದಲ ಹಾಲಿನಲ್ಲಿ, ಇಂಥ ಕೊಟ್ಟೆಗಳಿವೆ ಅಂತ ವರದಿ ಮಾಡಿತು. ಕಸ ಅಂದುಕೊಂಡದ್ದು ಅಂಚೆಯಾಗಿತ್ತು.

2010ರಲ್ಲಿ ಜಪಾನಿನವರು ತಾಯಿಯ ಹಾಲಿನಲ್ಲಿ ಮೈಕ್ರೋ ಆರ್‌ಎನ್‌ಎ ಇರುವುದನ್ನು ಕಂಡರು. ವಿಶೇಷವೇನೆಂದರೆ ಅವುಗಳಲ್ಲಿ ರೋಗನಿರೋಧಕ ಶಕ್ತಿಗೆ ಸಂಬಂಧಪಟ್ಟವು ಹೆರಿಗೆಯಾದ ಮೊದಲ ಆರು ತಿಂಗಳ ಹಾಲಿನಲ್ಲಿ ಹೆಚ್ಚಾಗಿದ್ದವು. ಹುಳಿ ಹಾಕಿ ನೋಡಿದರು, ಹಾಳಾಗಲಿಲ್ಲ. ಬರಿಯ ಆರ್‌ಎನ್‌ಎ ಬಹಳ ನಾಜೂಕು. ನಮ್ಮ ಬೆವರು, ಎಂಜಲು ತಾಗಿದರೂ ಚೂರಾಗಿಬಿಡುತ್ತದೆ. ಆದರೆ ಕೊಟ್ಟೆಯೊಳಗೆ ಕೂತದ್ದಕ್ಕೆ ಮಳೆಗಾಲದಲ್ಲಿ ಗೊಪ್ಪೆ ಹಾಕಿಕೊಂಡು ಗದ್ದೆಗೆ ಹೋದ ಹಾಗೆ; ಹೊರಗೆ ಎಷ್ಟು ಸುರಿದರೂ ಒಳಗೆ ಬೆಚ್ಚಗೆ. ದನದ ಹಾಲಿನಲ್ಲೂ ಇವು ಇವೆ. ಮಾಮೂಲಿ ಹಾಲಿಗಿಂತ ಗಿಣ್ಣದ ಹಾಲಿನಲ್ಲಿ ಹೆಚ್ಚಿವೆ ಅಂತ ಅದೇ ಜಪಾನಿನಿಂದ 2012ರಲ್ಲಿ ವರದಿ ಬಂತು. ಇನ್ನೂ ಒಂದು ಚಮತ್ಕಾರ ಇದೆ. ತಾಯಿಯ ಹಾಲಿನಲ್ಲೂ ದನದ ಹಾಲಿನಲ್ಲೂ ಬಹಳ ಹೆಚ್ಚಾಗಿ ಸಿಗುವ ಒಂದು ಚೀಟಿಗೆ 148ಎ ಅಂತ ಸಂಖ್ಯೆ ಕೊಟ್ಟಿದ್ದಾರೆ. ಅದರ ಅಕ್ಷರಗಳು ಮನುಷ್ಯರಲ್ಲೂ ದನದಲ್ಲೂ ಒಂದೇ, ಒಂದಕ್ಷರವೂ ಹೆಚ್ಚುಕಡಿಮೆ ಇಲ್ಲ. ನಮ್ಮ ಮಲೆನಾಡು ಗಿಡ್ಡ ತನ್ನ ಕರುವಿಗೆ ಬರೆಯುವ ಚೀಟಿಯೂ ನೀವು ನಿಮ್ಮ ಮಗುವಿಗೆ ಬರೆಯುವ ಚೀಟಿಯೂ ಒಂದೇ ಲಿಪಿಯವು.

ಹಾಗಾದರೆ ದನದ ಹಾಲನ್ನೇ ಹಸುಗೂಸಿಗೆ ಕೊಡಬಹುದಲ್ಲ ಅನ್ನಬೇಡಿ. ಚೀಟಿ ಒಂದೇ ಆದರೂ ಊಟ ಬೇರೆ. ಕರು ತನ್ನ ಹುಟ್ಟಿನ ತೂಕದ ಎರಡರಷ್ಟಾಗಲು ಒಂದೂವರೆ ತಿಂಗಳು ಸಾಕು, ಮಗುವಿಗೆ ಐದು ತಿಂಗಳು ಬೇಕು. ದನದ ಹಾಲಿನಲ್ಲಿ ಪ್ರೋಟೀನು ತಾಯಿಯ ಹಾಲಿನದಕ್ಕಿಂತ ಸುಮಾರು ಮೂರರಷ್ಟು ಇರುತ್ತದೆ, ಉಪ್ಪಿನಂಶವೂ ಹೆಚ್ಚು. ಎಳೆಯ ಮೂತ್ರಪಿಂಡಕ್ಕೆ ಅದು ಭಾರ. ನೀರು ಬೆರೆಸಿ ಕೊಟ್ಟರೆ ಹೊಟ್ಟೆ ತುಂಬಿದ ಹಾಗೆ ಕಾಣುತ್ತದೆ, ಮಗು ಬಡವಾಗುತ್ತದೆ.

ಈಗ ಮುಖ್ಯ ಪ್ರಶ್ನೆಗೆ ಬರುತ್ತೇನೆ. ಚೀಟಿ ಬರೆದದ್ದು ಸರಿ, ಕೊಟ್ಟೆಯಲ್ಲಿ ಕಟ್ಟಿದ್ದೂ ಸರಿ. ಮಗು ಅದನ್ನು ಓದುತ್ತದೆಯೋ? ಅಂದರೆ ತಾಯಿಯ ಮೈಕ್ರೋ ಆರ್‌ಎನ್‌ಎ ಮಗುವಿನ ಜೀವಕೋಶದೊಳಗೆ ಹೋಗಿ ಅಲ್ಲಿನ ಅಡುಗೆಯನ್ನು ಬದಲಾಯಿಸುತ್ತದೆಯೋ? ಇಲ್ಲೇ ವಿಜ್ಞಾನಿಗಳ ನಡುವೆ ದೊಡ್ಡ ಜಗಳ ಇರುವುದು.

ಜಗಳ ಶುರುವಾದದ್ದು ಹಾಲಿನಿಂದ ಅಲ್ಲ, ಅಕ್ಕಿಯಿಂದ. 2012ರಲ್ಲಿ ಚೀನಾದ ನಾನ್‌ಜಿಂಗ್ ವಿಶ್ವವಿದ್ಯಾಲಯದವರು ಅನ್ನ ತಿನ್ನುವವರ ರಕ್ತದಲ್ಲಿ ಭತ್ತದ ಮೈಕ್ರೋ ಆರ್‌ಎನ್‌ಎ ಸಿಕ್ಕಿತು, ಅದು ಕೊಬ್ಬಿನ ವ್ಯವಹಾರದಲ್ಲೂ ಕೈ ಹಾಕುತ್ತದೆ ಅಂತ ಪ್ರಕಟಿಸಿದರು. ಎಲ್ಲರೂ ಬೆರಗಾದರು. ಮೂರು ಹೊತ್ತೂ ಅನ್ನ, ಗಂಜಿ, ದೋಸೆ ತಿನ್ನುವ ನಮ್ಮ ರಕ್ತದಲ್ಲಿ ಇನ್ನೆಷ್ಟು ಭತ್ತ ಹರಿಯುತ್ತಿರಬೇಕು! ಆದರೆ ಮರು ವರ್ಷವೇ ಬೇರೆಯವರು ಅದೇ ಪ್ರಯೋಗ ಮಾಡಿದಾಗ ಆ ಫಲಿತಾಂಶ ಬರಲಿಲ್ಲ.

ಹಾಲಿನ ವಿಷಯದಲ್ಲೂ ಹಾಗೆಯೇ ಆಯಿತು. 2014ರಲ್ಲಿ ಅಮೆರಿಕದ ನೆಬ್ರಾಸ್ಕಾ ವಿಶ್ವವಿದ್ಯಾಲಯದಲ್ಲಿ ಯಾನೋಸ್ ಜೆಂಪ್ಲೇನಿ ಅವರ ತಂಡ ಕೆಲವು ಆರೋಗ್ಯವಂತರಿಗೆ ಒಂದು ಲೀಟರ್‌ವರೆಗೆ ದನದ ಹಾಲು ಕುಡಿಸಿ, ಕೆಲವು ಗಂಟೆಗಳ ಕಾಲ ರಕ್ತ ತೆಗೆದು ನೋಡಿತು. ಹಾಲಿನಲ್ಲಿರುವ ಎರಡು ಮೈಕ್ರೋ ಆರ್‌ಎನ್‌ಎಗಳು ರಕ್ತದಲ್ಲಿ ಏರಿದವು ಅಂತ ಹೇಳಿತು. 2016ರಲ್ಲಿ ಇನ್ನೊಂದು ತಂಡ ಇದನ್ನು ಮತ್ತೆ ಪರೀಕ್ಷಿಸಿತು. ಅವರಿಗೆ ಅಂಥ ಏರಿಕೆ ಕಾಣಲಿಲ್ಲ. ಯಾರು ಸರಿ?

ನನಗೆ ಎಲ್ಲಕ್ಕಿಂತ ಅಚ್ಚುಕಟ್ಟು ಅನ್ನಿಸಿದ ಪ್ರಯೋಗ 2015ರಲ್ಲಿ ಸ್ವಿಟ್ಜರ್‌ಲೆಂಡಿನ ಜ್ಯೂರಿಕ್‌ನಲ್ಲಿ ನಡೆದದ್ದು. ಅವರು ಏನು ಮಾಡಿದರು ಅಂದರೆ, ಒಂದು ನಿರ್ದಿಷ್ಟ ಮೈಕ್ರೋ ಆರ್‌ಎನ್‌ಎಯನ್ನು ತಾವೇ ತಯಾರಿಸಲಾಗದ ಇಲಿಮರಿಗಳನ್ನು ತೆಗೆದುಕೊಂಡರು. ಅವನ್ನು ಮಾಮೂಲಿ ತಾಯಿ ಇಲಿಯ ಹತ್ತಿರ ಹಾಲು ಕುಡಿಯಲು ಬಿಟ್ಟರು. ಆ ತಾಯಿಯ ಹಾಲಿನಲ್ಲಿ ಆ ಚೀಟಿ ಧಾರಾಳ ಇತ್ತು. ಈಗ ಮರಿಯ ರಕ್ತದಲ್ಲಿ ಆ ಚೀಟಿ ಸಿಕ್ಕಿದರೆ ಅದು ಹಾಲಿನಿಂದಲೇ ಬಂದಿರಬೇಕು, ಬೇರೆ ದಾರಿಯೇ ಇಲ್ಲ. ನೆರೆಮನೆಯ ಕೋಳಿ ನಮ್ಮ ಅಂಗಳಕ್ಕೆ ಬಂದಿದೆಯೋ ಅಂತ ನೋಡಬೇಕಾದರೆ ಮೊದಲು ನಮ್ಮ ಕೋಳಿಗಳನ್ನೆಲ್ಲ ಗೂಡಿಗೆ ಹಾಕಬೇಕು ತಾನೇ? ಹಾಗೆ. ನೋಡಿದರು. ರಕ್ತದಲ್ಲಾಗಲಿ, ಪಿತ್ತಕೋಶದಲ್ಲಾಗಲಿ ಲೆಕ್ಕಕ್ಕೆ ತೆಗೆದುಕೊಳ್ಳುವಷ್ಟು ಸಿಗಲಿಲ್ಲ. ಹೆಚ್ಚಿನದು ಕರುಳಿನಲ್ಲೇ ಜೀರ್ಣವಾಗಿ ಹೋಗಿತ್ತು.

ಅಲ್ಲಿಗೆ ಮುಗಿಯಿತು ಅಂದುಕೊಂಡಿರಾ? ಇಲ್ಲ. ನೆಬ್ರಾಸ್ಕಾದವರು ಸುಮ್ಮನಾಗಲಿಲ್ಲ. ಹಾಲಿನ ಎಕ್ಸೋಸೋಮ್‌ಗಳಿಗೆ ಗುರುತು ಹಚ್ಚಿ ಇಲಿಗಳಿಗೆ ಕೊಟ್ಟು, ಅವು ದೇಹದ ಬೇರೆ ಬೇರೆ ಅಂಗಗಳಿಗೆ ಹೋಗುತ್ತವೆ ಅಂತ 2018ರಲ್ಲಿ ತೋರಿಸಿದರು. ಇನ್ನು ಕೆಲವರು ಹೇಳುವುದು, ಚೀಟಿ ರಕ್ತಕ್ಕೆ ಹೋಗಲೇಬೇಕು ಅಂತ ಯಾಕೆ ಹಟ? ಕರುಳಿನ ಗೋಡೆಯಲ್ಲೇ ಅದರ ಕೆಲಸ ಇರಬಹುದಲ್ಲ? ಈ ಮಾತಿನಲ್ಲಿ ಹುರುಳಿದೆ ಅಂತ ನನಗೂ ಅನ್ನಿಸುತ್ತದೆ. ಪ್ರಯೋಗಾಲಯದಲ್ಲಿ ಹಾಲಿನ ಎಕ್ಸೋಸೋಮ್ ಹಾಕಿದಾಗ ಕರುಳಿನ ಜೀವಕೋಶಗಳು ಚೆನ್ನಾಗಿ ಬೆಳೆದದ್ದನ್ನು ಒಂದಕ್ಕಿಂತ ಹೆಚ್ಚು ತಂಡಗಳು ಕಂಡಿವೆ. ದಿನ ತುಂಬದೆ ಹುಟ್ಟಿದ ಮಕ್ಕಳಿಗೆ ಕರುಳು ಕೊಳೆಯುವ ಒಂದು ಭಯಂಕರ ಕಾಯಿಲೆ ಬರುತ್ತದೆ. ತಾಯಿಯ ಹಾಲು ಕುಡಿಯುವ ಮಕ್ಕಳಿಗೆ ಅದು ಕಡಿಮೆ, ಡಬ್ಬಿ ಹಾಲು ಕುಡಿಯುವವರಿಗೆ ಹೆಚ್ಚು ಎಂಬುದು ಬಹಳ ಹಿಂದೆಯೇ ಗೊತ್ತಾಗಿದೆ. ಇಲಿಮರಿಗಳಲ್ಲಿ ಅಂಥ ಕಾಯಿಲೆ ಬರಿಸಿ, ಹಾಲಿನ ಎಕ್ಸೋಸೋಮ್ ಕೊಟ್ಟು ನೋಡಿದಾಗ ಕರುಳಿನ ಹಾನಿ ಕಡಿಮೆಯಾದದ್ದನ್ನು ಕೆನಡಾದ ಟೊರಾಂಟೊದ ವೈದ್ಯರು ತೋರಿಸಿದ್ದಾರೆ. ಮತ್ತೆ, ದೊಡ್ಡವರ ಹೊಟ್ಟೆಗೂ ಹಸುಗೂಸಿನ ಹೊಟ್ಟೆಗೂ ವ್ಯತ್ಯಾಸ ಇದೆ. ಹುಟ್ಟಿದ ಮಗುವಿನ ಹೊಟ್ಟೆಯಲ್ಲಿ ಹುಳಿ ಕಡಿಮೆ, ಜೀರ್ಣರಸ ಕಡಿಮೆ, ಕರುಳಿನ ಗೋಡೆ ಇನ್ನೂ ಬಿಗಿಯಾಗಿರುವುದಿಲ್ಲ. ಕೊಟ್ಟೆ ಒಡೆಯದೆ ಮುಂದೆ ಹೋಗಲು ಅದು ಅನುಕೂಲದ ಕಾಲ. ಒಂದು ಲೀಟರ್ ಹಾಲು ಕುಡಿದ ದೊಡ್ಡವರ ರಕ್ತ ನೋಡಿ ಹಸುಗೂಸಿನ ವಿಷಯ ತೀರ್ಮಾನಿಸುವುದು ನನಗೆ ಸರಿ ಕಾಣುವುದಿಲ್ಲ.

ಹಾಗಾಗಿ ಇವತ್ತಿನ ಸ್ಥಿತಿ ಇಷ್ಟು. ಚೀಟಿಗಳಿರುವುದು ನಿಜ. ಮಗುವಿನ ಕರುಳಿನ ಬಾಗಿಲವರೆಗೂ ಅವು ಹೋಗಬಲ್ಲವು ಎಂಬುದಕ್ಕೆ ಒಳ್ಳೆಯ ಆಧಾರ ಇದೆ. ಒಳಗೆ ಹೋಗಿ ಎಷ್ಟು ಕೆಲಸ ಮಾಡುತ್ತವೆ ಎಂಬ ವಾದ ಇನ್ನೂ ತೀರ್ಮಾನವಾಗಿಲ್ಲ.

ಈ ತೀರ್ಮಾನವಾಗದ ವಾದವನ್ನೇ ಕೆಲವರು ವ್ಯಾಪಾರ ಮಾಡಿಕೊಂಡಿದ್ದಾರೆ. ಕೆಲವು ತಿಂಗಳ ಹಿಂದೆ ಒಬ್ಬ ಅಕ್ಕ ನನಗೊಂದು ಡಬ್ಬಿ ತೋರಿಸಿದರು. ದನದ ಗಿಣ್ಣಿನ ಪುಡಿಯಂತೆ. ಮಗಳ ಬಾಣಂತನಕ್ಕೆ ಅಂತ ಸಂಘದ ಸಾಲದ ಹಣದಲ್ಲಿ ತಂದಿದ್ದರು. ಡಬ್ಬಿಯ ಮೇಲೆ ಎಕ್ಸೋಸೋಮ್ ಅಂತ ದೊಡ್ಡ ಅಕ್ಷರ, ಬುದ್ಧಿ ಬೆಳೆಯುತ್ತದೆ, ಸಕ್ಕರೆ ಕಾಯಿಲೆ ಹೋಗುತ್ತದೆ, ಇನ್ನೂ ಏನೇನೋ. ಬೆಲೆ ಕೇಳಿದರೆ ಒಂದು ವಾರದ ಕೂಲಿ. ಬೇಸರದ ವಿಷಯ ಏನೆಂದರೆ, ಆ ಮನೆಯಲ್ಲಿ ಬಾಣಂತಿಯ ಸ್ವಂತ ಹಳದಿ ಹಾಲನ್ನು ಮೊದಲ ದಿನ ಹಿಂಡಿ ಚೆಲ್ಲಿದ್ದರು. ಪುಕ್ಕಟೆ ಬಂದ ಗಿಣ್ಣು ಬಚ್ಚಲಿಗೆ, ಸಾಲ ಮಾಡಿ ತಂದ ಗಿಣ್ಣು ಹೊಟ್ಟೆಗೆ.

ಇನ್ನೊಂದು ಪ್ರಚಾರ ಹಸಿ ಹಾಲಿನದು. "ಕಾಯಿಸಿದರೆ ಎಕ್ಸೋಸೋಮ್ ಸಾಯುತ್ತದೆ, ಆದ್ದರಿಂದ ನಾಟಿ ದನದ ಹಾಲನ್ನು ಹಸಿಯಾಗಿಯೇ ಕುಡಿಯಿರಿ" ಅಂತ. ಇದರಲ್ಲಿ ಅರ್ಧ ನಿಜ ಇದೆ, ಅದಕ್ಕೇ ಅಪಾಯ. ಬಿಸಿ ಮಾಡಿದರೆ, ಯಂತ್ರದಲ್ಲಿ ಹಾಲಿನ ಕೊಬ್ಬನ್ನು ಒಡೆದರೆ ಈ ಕೊಟ್ಟೆಗಳು ಒಡೆಯುವುದು ಹೌದು. ಡೇರಿಯಲ್ಲಿ ಪಾಶ್ಚರೀಕರಣ ಮತ್ತು ಕೊಬ್ಬು ಒಡೆಯುವ ಕ್ರಿಯೆ ಎರಡೂ ಆದಮೇಲೆ ಒಂದು ಮೈಕ್ರೋ ಆರ್‌ಎನ್‌ಎ 100ಕ್ಕೆ 63ರಷ್ಟು ನಷ್ಟವಾದದ್ದನ್ನು 2015ರಲ್ಲಿ ಅಳೆದಿದ್ದಾರೆ. ತಿಂಗಳುಗಟ್ಟಲೆ ಕೆಡದ ಪೊಟ್ಟಣದ ಹಾಲನ್ನು ಇನ್ನೂ ಹೆಚ್ಚು ಕಾಯಿಸಿರುತ್ತಾರೆ, ಅದರಲ್ಲಿ ಇನ್ನೂ ಕಡಿಮೆ. ಹೆಪ್ಪು ಹಾಕಿ ಮೊಸರಾದಾಗಲೂ ಕಡಿಮೆಯಾಗುತ್ತವೆ.

ಆಗಲಿ ಬಿಡಿ! ದೊಡ್ಡವರಾದ ನಾವು ದನದ ಚೀಟಿ ಓದಿ ಆಗಬೇಕಾದ್ದೇನು? ಮೊಸರು, ಮಜ್ಜಿಗೆ, ತುಪ್ಪ ತಿಂದೇ ನಮ್ಮ ಹಿರಿಯರು ಬಾಳಿದ್ದಾರೆ. ಹಾಲಿನಿಂದ ನಮಗೆ ಬೇಕಾದದ್ದು ಪ್ರೋಟೀನು, ಸುಣ್ಣದಂಶ, ಕೊಬ್ಬು. ಕಾಯಿಸಿದರೆ ಅವು ಎಲ್ಲಿಗೂ ಹೋಗುವುದಿಲ್ಲ. ಆದರೆ ಹಸಿ ಹಾಲಿನಲ್ಲಿ ಬರುವುದೇನು ಗೊತ್ತಾ? ದನ ಕಂದು ಹಾಕಿಸುವ ಬ್ರುಸೆಲ್ಲೋಸಿಸ್ ರೋಗ ಮನುಷ್ಯರಿಗೆ ಬರುವುದು ಹೀಗೆಯೇ. ವಾರಗಟ್ಟಲೆ ಬಂದು ಹೋಗುವ ಜ್ವರ, ಸಂಜೆ ಬೆವರು, ಸೊಂಟ ಮತ್ತು ಕೀಲು ನೋವು. ದನದ ಕ್ಷಯವೂ ಹಸಿ ಹಾಲಿನಲ್ಲಿ ಬರಬಹುದು. ದನ ಕರು ಹಾಕುವಾಗ, ಕಂದು ಹಾಕಿದಾಗ ಬರಿಗೈಯಲ್ಲಿ ಮಾಸು ಎತ್ತುವ ಅಣ್ಣಂದಿರು ಇಲ್ಲಿದ್ದೀರಿ, ನಿಮಗೂ ಈ ರೋಗ ಹಾಗೆ ತಗಲಬಹುದು. 2019ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಇದರ ಲಸಿಕೆ ಹಾಕುತ್ತಾರೆ. ಪಶು ಆಸ್ಪತ್ರೆಯಲ್ಲಿ ಕೇಳಿ ಹಾಕಿಸಿ. ಮಲೆನಾಡು ಗಿಡ್ಡವೇ ಆಗಲಿ, ಮಿಶ್ರತಳಿಯೇ ಆಗಲಿ, ಹಾಲು ಉಕ್ಕಿ ಬರುವ ಹಾಗೆ ಕಾಯಿಸಿ. ಗಿಡ್ಡ ನಮ್ಮ ಹೆಮ್ಮೆಯ ದನ. ಕಾಡಿನಲ್ಲಿ ಮೇಯ್ದು, ಮಳೆಗೆ ನೆನೆದು, ಕಡಿಮೆ ಖರ್ಚಿನಲ್ಲಿ ಬದುಕುತ್ತದೆ. ಅಡಿಕೆ ತೋಟಕ್ಕೆ ಗೊಬ್ಬರ ಕೊಡುತ್ತದೆ. ಅದನ್ನು ಹೊಗಳಲು ಎಕ್ಸೋಸೋಮ್ ಹೆಸರು ಬೇಕಾಗಿಲ್ಲ.

ಇದಕ್ಕೆ ತದ್ವಿರುದ್ಧವಾಗಿ ಹೆದರಿಸುವವರೂ ಇದ್ದಾರೆ. ಜರ್ಮನಿಯ ಬೋಡೋ ಮೆಲ್ನಿಕ್ ಎಂಬ ಚರ್ಮವೈದ್ಯರು, ದನದ ಹಾಲಿನ ಮೈಕ್ರೋ ಆರ್‌ಎನ್‌ಎ ದೊಡ್ಡವರಿಗೆ ಕೆಡುಕು ಮಾಡಬಹುದು ಅಂತ ಬರೆಯುತ್ತಾ ಬಂದಿದ್ದಾರೆ. ಅದು ಅವರ ಊಹೆ. ರಕ್ತಕ್ಕೆ ಸೇರುತ್ತದೋ ಇಲ್ಲವೋ ಎಂಬುದೇ ತೀರ್ಮಾನವಾಗದಿರುವಾಗ ಒಳಿತಿಗೂ ಕೆಡುಕಿಗೂ ಅವಸರ ಬೇಡ. ಅಂದಹಾಗೆ ಈ ಕೊಟ್ಟೆಗಳಿಗೆ ಇನ್ನೊಂದು ಉಪಯೋಗ ಹುಡುಕುತ್ತಿದ್ದಾರೆ. ಅಮೆರಿಕದ ಲೂಯಿವಿಲ್ ವಿಶ್ವವಿದ್ಯಾಲಯದಲ್ಲಿ ರಮೇಶ್ ಗುಪ್ತಾ ಅವರ ತಂಡ ದನದ ಹಾಲಿನ ಎಕ್ಸೋಸೋಮ್‌ನೊಳಗೆ ಕ್ಯಾನ್ಸರ್ ಔಷಧಿ ತುಂಬಿ ಬಾಯಿಯ ಮೂಲಕ ಇಲಿಗಳಿಗೆ ಕೊಟ್ಟು ನೋಡಿದೆ. ಹಾಲಿನ ಕೊಟ್ಟೆಯಲ್ಲಿ ಮದ್ದು!

ಮಕ್ಕಳ ಡಬ್ಬಿ ಹಾಲಿನ ಪುಡಿಯ ಬಗ್ಗೆ ಒಂದು ಮಾತು. ಪರೀಕ್ಷೆ ಮಾಡಿದಾಗ ಅದರಲ್ಲಿ ಈ ಕೊಟ್ಟೆಗಳು ಸಿಗಲಿಲ್ಲ, ಚೀಟಿಗಳೂ ಹೆಸರಿಗೆ ಮಾತ್ರ ಇದ್ದವು. ಹಾಗಂತ ನಿಜಕ್ಕೂ ಬೇರೆ ದಾರಿಯಿಲ್ಲದೆ ಡಾಕ್ಟರ ಸಲಹೆಯಂತೆ ಪುಡಿ ಹಾಲು ಕೊಟ್ಟ ತಾಯಿ ತಪ್ಪು ಮಾಡಿದ ಹಾಗೆ ಕೂರಬೇಕಾಗಿಲ್ಲ. ನಾನು ಹೇಳುವುದು, ಹಾಲು ಇರುವಾಗಲೇ "ಇಲ್ಲ" ಅಂತ ಹೆದರಿಸಿ ಡಬ್ಬಿ ಹಿಡಿಸುವುದರ ಬಗ್ಗೆ. ನಮ್ಮ ದೇಶದಲ್ಲಿ 1992ರ ಕಾನೂನು, 2003ರ ತಿದ್ದುಪಡಿ ಎರಡೂ ಸೇರಿ ಎರಡು ವರ್ಷದೊಳಗಿನ ಮಕ್ಕಳ ಹಾಲಿನ ಪುಡಿ, ಬಾಟಲಿ, ಆಹಾರಗಳ ಜಾಹೀರಾತನ್ನೇ ನಿಷೇಧಿಸಿವೆ. ಆಸ್ಪತ್ರೆಯಲ್ಲಿ ಬಿಟ್ಟಿ ಡಬ್ಬಿ ಹಂಚಿದರೆ ಅದು ಕಾನೂನಿಗೆ ವಿರುದ್ಧ.

ಹುಟ್ಟಿದ ದಿನ ಮಗುವಿನ ಹೊಟ್ಟೆ ಎಷ್ಟು ದೊಡ್ಡದು? ಒಂದು ಸುಲಿದ ಅಡಿಕೆಯಷ್ಟು. ಒಂದು ಸಲಕ್ಕೆ ಒಂದು ಚಮಚ ಹಿಡಿಸಿದರೆ ಹೆಚ್ಚು. ಮೊದಲ ದಿನ ಹಳದಿ ಹಾಲು ಬರುವುದೂ ಅಷ್ಟೇ. "ಹಾಲೇ ಇಲ್ಲ, ಮಗು ಉಪವಾಸ" ಅಂತ ಅಳುವ ಅತ್ತೆಯಂದಿರೇ, ಇದನ್ನು ನೆನಪಿಡಿ. ಹಾಲು ನೀರಾಗಿ ಕಂಡರೂ ಗಾಬರಿ ಬೇಡ. ಒಂದು ಸಲದ ಹಾಲಿನಲ್ಲಿ ಮೊದಲು ಬರುವುದು ತೆಳ್ಳಗೆ, ಕೊನೆಗೆ ಬರುವುದು ಗಟ್ಟಿ. ಮೊದಲ ವಾರ ಕಳೆದ ಮೇಲೆ ಮಗು ದಿನಕ್ಕೆ ಆರು ಸಲವಾದರೂ ಉಚ್ಚೆ ಮಾಡುತ್ತಿದ್ದರೆ, ತೂಕ ಏರುತ್ತಿದ್ದರೆ ಹಾಲು ಸಾಕಾಗುತ್ತಿದೆ ಅಂತ ಲೆಕ್ಕ. ಸಿಸೇರಿಯನ್ ಆದವರೂ ಮೊದಲ ಗಂಟೆಯಲ್ಲಿ ಹಾಲೂಡಿಸಬಹುದು, ಪಕ್ಕದಲ್ಲಿ ಒಬ್ಬರು ಮಗುವನ್ನು ಹಿಡಿದುಕೊಳ್ಳಬೇಕು ಅಷ್ಟೆ. ಆರು ತಿಂಗಳವರೆಗೆ ನೀರೂ ಬೇಡ, ಜೇನೂ ಬೇಡ.

ಭಾಷಣ ಮುಗಿದ ಮೇಲೆ ಇಬ್ಬರು ಪ್ರಶ್ನೆ ಕೇಳಿದರು, ಅದನ್ನೂ ಇಲ್ಲಿ ಸೇರಿಸಿದ್ದೇನೆ.

ಒಬ್ಬರು ಕೇಳಿದ್ದು: ತಾಯಿ ತೀರಾ ಕಾಯಿಲೆಯಲ್ಲಿದ್ದರೆ ಬೇರೆ ತಾಯಿಯ ಹಾಲು ಕೊಡಬಹುದಾ? ಅದಕ್ಕೆ ಹಾಲಿನ ಬ್ಯಾಂಕುಗಳಿವೆ. ನಮ್ಮ ದೇಶದ ಮೊದಲನೆಯದನ್ನು 1989ರಲ್ಲಿ ಮುಂಬೈಯ ಸಯನ್ ಆಸ್ಪತ್ರೆಯಲ್ಲಿ ಡಾ. ಅರ್ಮಿಡಾ ಫರ್ನಾಂಡಿಸ್ ಶುರು ಮಾಡಿದರು. ದಾನಿಗಳ ರಕ್ತ ಪರೀಕ್ಷೆ ಮಾಡಿ, ಹಾಲನ್ನು 62.5 ಡಿಗ್ರಿಯಲ್ಲಿ 30 ನಿಮಿಷ ಬಿಸಿ ಮಾಡಿ, ಆಮೇಲೆ ಕೊಡುತ್ತಾರೆ. ಆ ಬಿಸಿಗೆ ಮೈಕ್ರೋ ಆರ್‌ಎನ್‌ಎಗಳು ಕಡಿಮೆಯಾಗುತ್ತವೆ. ಆದರೂ ದಿನ ತುಂಬದ ಮಗುವಿಗೆ ಸ್ವಂತ ತಾಯಿಯ ಹಾಲು ಸಿಗದಿದ್ದರೆ ಪುಡಿ ಹಾಲಿಗಿಂತ ಇದೇ ಮೇಲು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಪರೀಕ್ಷೆಯಿಲ್ಲದೆ ಅವರಿವರ ಹಾಲು ಕುಡಿಸುವುದು ಬೇಡ.

ಇನ್ನೊಬ್ಬ ತಂಗಿ ಕೇಳಿದ್ದು: ಅಡಿಕೆ ಸುಲಿಯುವ ಕಾಲದಲ್ಲಿ ಮೂರು ತಿಂಗಳ ಮಗುವನ್ನು ಅಮ್ಮನ ಹತ್ತಿರ ಬಿಟ್ಟು ಹೋಗಬೇಕು, ಹಾಲು ಹಿಂಡಿಟ್ಟು ಹೋದರೆ ಕೆಡುವುದಿಲ್ಲವಾ, ಕಾಯಿಸಬೇಕಾ? ಕಾಯಿಸಬೇಡಿ. ದನದ ಹಾಲಿನ ನಿಯಮ ಬೇರೆ, ಇದರ ನಿಯಮ ಬೇರೆ. ಇದು ನಿಮ್ಮದೇ ಹಾಲು, ನಿಮ್ಮ ಮಗುವಿಗೇ ಹೋಗುವುದು. ಕೈ ಸೋಪಿನಲ್ಲಿ ತೊಳೆದು, ಕುದಿಸಿ ಆರಿಸಿದ ಸ್ಟೀಲ್ ಲೋಟಕ್ಕೆ ಹಿಂಡಿ ಮುಚ್ಚಿಡಿ. ತಂಪಾದ ಜಾಗದಲ್ಲಿ ನಾಲ್ಕು ಗಂಟೆ ಇರುತ್ತದೆ. ಬೇಸಿಗೆಯ ಮಧ್ಯಾಹ್ನವಾದರೆ ಅದಕ್ಕೂ ಬೇಗ ಕುಡಿಸಿ ಮುಗಿಸಿ. ಫ್ರಿಜ್ ಇದ್ದರೆ ಬಾಗಿಲ ಹತ್ತಿರ ಇಡಬೇಡಿ, ಒಳಗಡೆ ಇಡಿ. ತಣ್ಣಗಿದ್ದರೆ ಲೋಟವನ್ನು ಬೆಚ್ಚಗಿನ ನೀರಿನ ಪಾತ್ರೆಯಲ್ಲಿ ಸ್ವಲ್ಪ ಹೊತ್ತು ಕೂರಿಸಿದರೆ ಸಾಕು, ಒಲೆಯ ಮೇಲೆ ಇಡಬಾರದು. ಕುಡಿಸಲು ಬಾಟಲಿ ಬೇಡ. ಮನೆಯಲ್ಲಿ ಹಳೆಯ ಒಳಲೆ ಇದ್ದರೆ ಹುಡುಕಿ ತೆಗೆಯಿರಿ, ಪ್ರತಿ ಸಲವೂ ಕುದಿಯುವ ನೀರಿನಲ್ಲಿ ಅದ್ದಿ ಆರಿಸಿ, ಅದರಲ್ಲೇ ಸ್ವಲ್ಪ ಸ್ವಲ್ಪವಾಗಿ ಕುಡಿಸಲು ನಿಮ್ಮ ಅಮ್ಮನಿಗೆ ಹೇಳಿ.